ಪೆಟ್ಟಿಗೆಯಲ್ಲಿ ಅರವತ್ತು ದೇಶ, ಕೆನ್ಯಾದ ಪಾಲಿಗೆ ಒಂದು ಈಟಿ

ಸಿರ್ಸಿ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ನಾನು ಐದನೇ ತರಗತಿಗೆ ಪಾಠ ಹೇಳುತ್ತೇನೆ. ನಮ್ಮ ಗೋಡೆಯ ಭೂಪಟಕ್ಕೆ ಕಳೆದ ಮಳೆಗಾಲದಲ್ಲಿ ಬೂಷ್ಟು ಹಿಡಿದು ಅರ್ಧ ಪ್ರಪಂಚವೇ ಕಪ್ಪಾಗಿತ್ತು. ಹಾಗಾಗಿ ಜೂನ್‌ನಲ್ಲಿ ಪೇಟೆಗೆ ಹೋದಾಗ ದೇಶಗಳನ್ನು ಪರಿಚಯಿಸುವ ಕಾರ್ಡುಗಳ ಪೆಟ್ಟಿಗೆಯೊಂದನ್ನು 399 ರೂಪಾಯಿ ಕೊಟ್ಟು ತಂದೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ. ಅದೇ ಅಂಗಡಿಯಲ್ಲಿ ತಿರುವಿ ನೋಡಿದ ಇನ್ನೆರಡು ಪೆಟ್ಟಿಗೆಗಳಲ್ಲೂ ನಾನು ಮುಂದೆ ಹೇಳುವ ದೋಷವೇ ಇತ್ತು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಕಾರ್ಡುಗಳು ದಪ್ಪಗಿವೆ, ಮೂಲೆಗಳು ದುಂಡಗಿವೆ. ಆಷಾಢದ ತೇವದಲ್ಲೂ ಒಂದು ಕಾರ್ಡೂ ಸೊಟ್ಟಗಾಗಲಿಲ್ಲ. ಧ್ವಜಗಳ ಬಣ್ಣ ಸ್ಪಷ್ಟವಾಗಿದೆ, ಕನ್ನಡ ಅಕ್ಷರಗಳು ದೊಡ್ಡದಾಗಿವೆ. ಮ್ಯಾನ್ಮಾರ್‌ನ ರಾಜಧಾನಿ ಯಾಂಗೂನ್ ಎಂದಿದೆ. ಅಲ್ಲಿಯ ಸರ್ಕಾರ ನೇಪಿಡಾಗೆ ಹೊರಟದ್ದು 2005ರಲ್ಲಿ. ಇಂಥ ತಪ್ಪನ್ನು ಒಂದು ಚೀಟಿ ಅಂಟಿಸಿ ಸರಿಮಾಡಬಹುದು.

ನನ್ನ ತಕರಾರು ಇರುವುದು ಚಿತ್ರಗಳ ಬಗ್ಗೆ. ಭಾರತದ ಕಾರ್ಡಿನಲ್ಲಿ ಆರು ಚಿತ್ರಗಳಿವೆ: ತಾಜಮಹಲ್, ರಾಕೆಟ್, ನವಿಲು, ಗದ್ದೆ ಉಳುವ ರೈತ, ಭರತನಾಟ್ಯ, ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿ. ಉಳಿದ ಐವತ್ತೊಂಬತ್ತು ದೇಶಗಳಿಗೆ ಒಂದೊಂದೇ ಚಿತ್ರ. ಚೀನಾಕ್ಕೆ ಚೂಪು ಟೋಪಿಯವನು. ಒಮಾನ್‌ಗೆ ಒಂಟೆ. ಕೆನ್ಯಾಕ್ಕೆ ಈಟಿ ಹಿಡಿದವನು ಮತ್ತು ಅವನ ಹಿಂದೆ ಸಿಂಹ. ಇಥಿಯೋಪಿಯಾಕ್ಕೆ ಖಾಲಿ ತಟ್ಟೆ ಹಿಡಿದ, ಎಲುಬು ಕಾಣುವ ಮಗು. ತನ್ನ ದೇಶದಲ್ಲಿ ರಾಕೆಟ್ಟೂ ಇದೆ, ನೇಗಿಲೂ ಇದೆ ಎಂದು ಚಿತ್ರಕಾರರಿಗೆ ಗೊತ್ತಿತ್ತು. ಬೇರೆಯವರ ದೇಶವೂ ಹಾಗೆಯೇ ಇರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ.

ಪೆಟ್ಟಿಗೆ ತೆರೆದ ಎರಡನೇ ದಿನ ನಡೆದದ್ದನ್ನು ಬರೆಯಲೇಬೇಕು. ನಮ್ಮ ತರಗತಿಯಲ್ಲಿ ಒಬ್ಬಳು ಸಿದ್ದಿ ಹುಡುಗಿ ಇದ್ದಾಳೆ. ಯಲ್ಲಾಪುರದ ಕಡೆಯವಳು, ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಾಳೆ, ಮನೆಮಾತು ಕೊಂಕಣಿ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದ ಜನರಲ್ಲಿ ಹಲವರು ತಪ್ಪಿಸಿಕೊಂಡು ನಮ್ಮ ಕಾಡುಗಳಿಗೆ ಬಂದರು. ಅವರ ಸಂತತಿ ಎಷ್ಟೋ ತಲೆಮಾರುಗಳಿಂದ ಈ ಜಿಲ್ಲೆಯದೇ. ಒಬ್ಬ ಹುಡುಗ ಕೆನ್ಯಾದ ಕಾರ್ಡನ್ನು ಅವಳ ಮುಖದ ಮುಂದೆ ಹಿಡಿದು, "ನೋಡು, ನಿನ್ನ ಅಜ್ಜ" ಎಂದ. ನಾಲ್ಕೈದು ಮಂದಿ ನಕ್ಕರು. ಅವಳು ಕಾರ್ಡನ್ನು ಅವನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಬೋರಲಾಗಿ ಇಟ್ಟಳು. "ಅಕ್ಕೋರೇ, ನನ್ನ ಅಜ್ಜ ಅಡಿಕೆ ಕೊಯ್ಯುತ್ತಿದ್ದರು" ಎಂದಷ್ಟೇ ಹೇಳಿದಳು.

ಆ ಹುಡುಗ ಕೆಟ್ಟವನಲ್ಲ. ಕೆನ್ಯಾದ ಬಗ್ಗೆ ಅವನಿಗೆ ಸಿಕ್ಕ ತಿಳಿವಳಿಕೆಯೆಲ್ಲ ಆ ಒಂದು ಚಿತ್ರ, ಅದನ್ನು ಅವನ ಕೈಗೆ ಕೊಟ್ಟವಳು ನಾನು. ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

ಮರುದಿನ ಪಾಠ ನಿಲ್ಲಿಸಿ ವಂಗಾರಿ ಮಾಥಾಯಿ ಅವರ ಕಥೆ ಹೇಳಿದೆ. ಅವರು 1977ರಲ್ಲಿ ಕೆನ್ಯಾದಲ್ಲಿ ಗ್ರೀನ್ ಬೆಲ್ಟ್ ಚಳವಳಿ ಆರಂಭಿಸಿದರು, ಹಳ್ಳಿಯ ಹೆಂಗಸರನ್ನು ಸೇರಿಸಿ ಕೋಟಿಗಟ್ಟಲೆ ಗಿಡ ನೆಡಿಸಿದರು, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತದ್ದು 1983ರಲ್ಲಿ, ನಮ್ಮ ಇದೇ ತಾಲ್ಲೂಕಿನಲ್ಲಿ. ಅಪ್ಪಿಕೋ ಚಳವಳಿಯ ಮಾತನ್ನು ಮನೆಯ ಹಿರಿಯರಿಂದ ಕೇಳಿ ಬೆಳೆದ ಮಕ್ಕಳಿಗೆ ಮಾಥಾಯಿ ಪರಕೀಯರಾಗಿ ಕಾಣಲೇ ಇಲ್ಲ. "ಅವರು ಇಲ್ಲಿಗೆ ಬಂದಿದ್ದರೇ?" ಎಂದು ಒಬ್ಬಳು ಕೇಳಿದಳು.

ಇಥಿಯೋಪಿಯಾದ ಕಾರ್ಡು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. 1980ರ ದಶಕದಲ್ಲಿ ಅಲ್ಲಿ ಭೀಕರ ಬರಗಾಲ ಬಂದದ್ದು ನಿಜ. ಆದರೆ ನಾವು ಕುಡಿಯುವ ಅರೇಬಿಕಾ ಕಾಫಿಯ ತವರು ಆ ದೇಶ. ಅದಕ್ಕೆ ತನ್ನದೇ ಲಿಪಿಯಿದೆ. ನಮ್ಮ ಕಾಗುಣಿತದಂತೆ ಅಲ್ಲಿಯೂ ಒಂದೊಂದು ವ್ಯಂಜನ ಸ್ವರಕ್ಕೆ ತಕ್ಕಂತೆ ಆಕಾರ ಬದಲಿಸುತ್ತದೆ, ಒಟ್ಟು ಏಳು ರೂಪಗಳಲ್ಲಿ. ನಮ್ಮ ಕಾಗುಣಿತ ಇನ್ನೂ ಉದ್ದವಿದೆ ಎಂದು ಮಕ್ಕಳು ಗೊಣಗಿದರು. ಅಲ್ಲಿಯ ಮಕ್ಕಳೂ ತಮ್ಮ ಹಾಗೆಯೇ ಬಾಯಿಪಾಠ ಮಾಡಬೇಕಲ್ಲ ಎಂದು ಖುಷಿಯನ್ನೂ ಪಟ್ಟರು.

ಒಮಾನ್‌ನ ಕಾರ್ಡಿಗೆ ನನ್ನ ಮನೆಯವರೇ ಸಾಕ್ಷಿ. ನನ್ನ ತಮ್ಮ ಆ ದೇಶದ ಸಲಾಲಾ ನಗರದಲ್ಲಿ ಕೆಲಸಕ್ಕಿದ್ದಾನೆ. ಮರಳುಗಾಡಿನಲ್ಲಿ ಮಗ ಹೇಗಿದ್ದಾನೋ ಎಂದು ಹೊನ್ನಾವರದಲ್ಲಿರುವ ಅಮ್ಮ ಎರಡು ವರ್ಷ ಕೊರಗಿದರು. ಸಲಾಲಾಕ್ಕೆ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಬರುತ್ತದೆ. ಜಿನುಗು ಮಳೆ, ಮಂಜು, ಹಸಿರು ಗುಡ್ಡ. ತಮ್ಮ ಕಳಿಸಿದ ವಿಡಿಯೊದಲ್ಲಿ ರಸ್ತೆ ಬದಿಯಲ್ಲಿ ಎಳನೀರು, ಬಾಳೆಗೊನೆ ಮಾರುವವರನ್ನು ಕಂಡು ಅಮ್ಮ, "ಇದು ನಮ್ಮ ಪಕ್ಕದ ಕಾಸರಕೋಡಿನ ರಸ್ತೆಯಲ್ಲವೇ?" ಎಂದು ಕೇಳಿದರು. ಒಂಟೆಯೂ ಅಲ್ಲಿದೆ. ತೆಂಗಿನ ಮರದ ಪಕ್ಕದಲ್ಲೇ ನಡೆದು ಹೋಗುತ್ತದೆ.

ಕಾರ್ಡುಗಳನ್ನು ಎಸೆಯಲು ಮನಸ್ಸಾಗಲಿಲ್ಲ. ಚಿತ್ರದ ಮೇಲೆ ಬಿಳಿ ಹಾಳೆ ಅಂಟಿಸಿ, ಆ ದೇಶದ ಬಗ್ಗೆ ಓದಿ ಹೊಸ ಚಿತ್ರಗಳನ್ನು ಬರೆಯಲು ಮಕ್ಕಳಿಗೇ ಕೊಟ್ಟೆ. ಕೆನ್ಯಾವನ್ನು ಕೇಳಿ ಪಡೆದವನು ಅದೇ ಹುಡುಗ. ಸಿದ್ದಿ ಹುಡುಗಿ ಆರಿಸಿಕೊಂಡದ್ದು ನಾರ್ವೆಯನ್ನು. ಲೋಫೋಟೆನ್ ದ್ವೀಪಗಳಲ್ಲಿ ಮೀನನ್ನು ಮರದ ಚೌಕಟ್ಟಿಗೆ ತೂಗುಹಾಕಿ ಚಳಿಗಾಳಿಯಲ್ಲಿ ಒಣಗಿಸುತ್ತಾರೆ ಎಂದು ಓದಿ, ಸಾಲು ಸಾಲು ಒಣಮೀನು ಬರೆದಳು. ಈ ಕೆಲಸಕ್ಕೆ ಮೂರು ವಾರ ಹಿಡಿಯಿತು. ಇನ್ನೂ ಹದಿನೇಳು ದೇಶಗಳು ಬಾಕಿ ಇವೆ.

ಕಾಗದ ಮತ್ತು ಮುದ್ರಣಕ್ಕಾಗಿ ಐದಕ್ಕೆ ಎರಡು ಅಂಕ ಕೊಡುತ್ತೇನೆ. ಮಗುವಿನ ಪಕ್ಕದಲ್ಲಿ ಕುಳಿತು ಓದಿಸಲು ಸಮಯವಿರುವವರು ಕೊಳ್ಳಬಹುದು. ಹುಟ್ಟುಹಬ್ಬದ ಉಡುಗೊರೆಯೆಂದು ಕೊಟ್ಟು ಮರೆತುಬಿಡುವವರು ದಯವಿಟ್ಟು ಕೊಳ್ಳಬೇಡಿ. ತಯಾರಕರಿಗೆ ಎರಡು ಪುಟದ ಪತ್ರ ಬರೆದು, ಮಕ್ಕಳ ಚಿತ್ರಗಳ ಪ್ರತಿಗಳನ್ನೂ ಇಟ್ಟು ಕಳಿಸಿದ್ದೇನೆ. ಹೊಸ ಮುದ್ರಣ ಬಂದರೆ ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿಸಿ ಕೆನ್ಯಾದ ಕಾರ್ಡನ್ನು ನೋಡುತ್ತೇನೆ, ಹಣ ಕೊಡುವುದು ಆಮೇಲೆ.