ಡ್ರಮ್ ಇಡೋಕೆ ಶೆಡ್ ಬಾಡಿಗೆಗೆ ಕೇಳಿಕೊಂಡು ಬಂದರೆ ಎಚ್ಚರ

ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆ ಹೆದ್ದಾರಿಗೆ ಹತ್ತಿರ ಜಮೀನು, ಶೆಡ್ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆಯ ಹಿರಿಯರಿಗೂ ಓದಿ ಹೇಳಿ. ನಮ್ಮ ಚಿಕ್ಕಪ್ಪನಿಗೆ ಆದದ್ದು ಇನ್ನೊಬ್ಬ ರೈತರಿಗೆ ಆಗಬಾರದು.

ಹಿರಿಯೂರು ತಾಲ್ಲೂಕಿನಲ್ಲಿ, ಹೆದ್ದಾರಿ 48ರಿಂದ ಸ್ವಲ್ಪ ಒಳಗೆ ಚಿಕ್ಕಪ್ಪನ ಈರುಳ್ಳಿ ಶೆಡ್ ಇದೆ. ಮಾಲು ಮಾರಿದ ಮೇಲೆ ಮುಂದಿನ ಬೆಳೆವರೆಗೆ ಅದು ಖಾಲಿ. ಅದನ್ನು ನೋಡಿಕೊಂಡೇ ಒಬ್ಬ ಬಂದ. "ಯಜಮಾನ್ರೇ, ಸುಮ್ನೆ ಬಿದ್ದಿರೋ ಶೆಡ್ಡು. ನಮ್ಗೆ ಗುಜರಿ ಡ್ರಮ್ ಇಡೋಕೆ ಜಾಗ ಬೇಕು, ಅಷ್ಟೇ. ಅಡ್ವಾನ್ಸ್ ಇವತ್ತೇ ಕೊಡ್ತೀನಿ" ಅಂದ. ಸ್ಟಾಂಪ್ ಪೇಪರಿನ ಮೇಲೆ 11 ತಿಂಗಳ ಕರಾರು ಆಯಿತು. ಆಧಾರ್ ಜೆರಾಕ್ಸ್ ಕೂಡ ಕೊಟ್ಟ. ಮಾತು ಮೆತ್ತಗೆ, ಲೆಕ್ಕ ಚೊಕ್ಕ. ಯಾರೇ ಆದರೂ ನಂಬುತ್ತಿದ್ದರು.

ಕ್ಯಾಂಟರ್ ಬರುತ್ತಿದ್ದದ್ದು ರಾತ್ರಿ. ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು, ಜೊತೆಗೆ ಕಬ್ಬಿಣದ ಬ್ಯಾರಲ್ಲುಗಳು. ಲೇಬಲ್ ಎಲ್ಲ ಕೆರೆದು ತೆಗೆದಿದ್ದರು. ಒಂದರ ಮೇಲೆ ಮಾತ್ರ ಅರ್ಧ ಉಳಿದಿತ್ತು: ಕೆಂಪು ಅಂಚಿನ ಚೌಕ, ಒಳಗೆ ತಲೆಬುರುಡೆ. ಕೆಲಸದ ಹುಡುಗರು ಬರಿಗೈಯಲ್ಲಿ ಡ್ರಮ್ ತೊಳೆಯುತ್ತಿದ್ದರು. ತೊಳೆದ ಡ್ರಮ್ ನೀರು ತುಂಬಿಸಿಡಲು ಅಂತ ಸುತ್ತಲ ಹಳ್ಳಿಗಳಿಗೆ ಮಾರಾಟವಾಗುತ್ತಿತ್ತು. ನಮ್ಮ ಕಡೆ ನೀರಿನ ಡ್ರಮ್ ಇಲ್ಲದ ಮನೆ ಎಲ್ಲಿದೆ?

ತೊಳೆದ ನೀರು ಎಲ್ಲಿ ಹೋಗುತ್ತಿತ್ತು ಅನ್ನುವುದು ಕೊನೆಗೆ ಗೊತ್ತಾಯಿತು. ಶೆಡ್ಡಿನ ಹಿಂದೆ ಫೇಲಾದ ಬೋರ್ ಒಂದಿತ್ತು. ಅದರ ಕೇಸಿಂಗ್ ಪೈಪಿಗೆ ಹೋಸ್ ಇಳಿಸಿದ್ದರು. ಹಗಲು ಹೊತ್ತು ಮೇಲೊಂದು ಚಪ್ಪಡಿ, ಅದರ ಮೇಲೆ ಗೋಣಿಚೀಲ. ಚಪ್ಪಡಿ ಸರಿಸಿ ನೋಡಿದಾಗ ಪೈಪಿನ ಬಾಯಿ ಸುತ್ತ ಮಣ್ಣು ಕಪ್ಪಗಾಗಿ ಅಂಟಂಟಾಗಿತ್ತು. ಮೂಗಿಗೆ ಥಿನ್ನರ್ ವಾಸನೆ ಹೊಡೆಯಿತು. ಅದೇ ವಾಸನೆ ಅಷ್ಟೊತ್ತಿಗೆ ಪಕ್ಕದ ಹೊಲದವರ ಬೋರಿನ ನೀರಿನಲ್ಲೂ ಬರುತ್ತಿತ್ತು. ತೊಟ್ಟಿಗೆ ಬಿಟ್ಟ ನೀರನ್ನು ಅವರ ಕುರಿಗಳು ಮೂಸಿ ಹಿಂದೆ ಸರಿಯುತ್ತಿದ್ದವು.

ಅವರು ದೂರು ಕೊಟ್ಟರು. ಕೊಡಲೇಬೇಕಿತ್ತು, ಅವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಅಷ್ಟರಲ್ಲಿ ಬಾಡಿಗೆಯವನ ಫೋನ್ ಸ್ವಿಚ್ ಆಫ್. ಆಧಾರ್‌ನಲ್ಲಿದ್ದ ವಿಳಾಸದಲ್ಲಿ ಅಂಥವನು ಇರಲೇ ಇಲ್ಲ. ಎಫ್‌ಐಆರ್‌ನಲ್ಲಿ ಮೊದಲು ಬಂದದ್ದು ಚಿಕ್ಕಪ್ಪನ ಹೆಸರು. ಜೀವಮಾನದಲ್ಲಿ ಠಾಣೆ ಮೆಟ್ಟಿಲು ಹತ್ತದ ಮನುಷ್ಯ.

ಕಾನೂನು ಇಲ್ಲಿ ಹೇಗಿದೆ ಅಂತ ತಿಳಿದುಕೊಳ್ಳಿ. ಕೆಮಿಕಲ್ ಅಂಟಿದ ಖಾಲಿ ಡ್ರಮ್ ಗುಜರಿ ಅಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೇ ಅದು ಸೇರಿದೆ. ಅದನ್ನು ಕೂಡಿಡಲು, ತೊಳೆಯಲು, ಮಾರಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಸಾಗಿಸುವಾಗ ಫಾರಂ 10ರ ಮ್ಯಾನಿಫೆಸ್ಟ್ ಇರಬೇಕು. ಅದು ಬೇರೆ ಬೇರೆ ಬಣ್ಣದ ಏಳು ಪ್ರತಿಗಳ ಕಾಗದ. ಯಾವ ಕಾರ್ಖಾನೆಯಿಂದ ಹೊರಟಿತು, ಯಾರು ಸಾಗಿಸಿದರು, ಎಲ್ಲಿಗೆ ಮುಟ್ಟಿತು ಎಲ್ಲ ಅದರಲ್ಲಿರುತ್ತದೆ. ಈ ಕಾಗದ ತೋರಿಸದ ಗಾಡಿಯನ್ನು ಹೊಲದೊಳಗೆ ಬಿಡಲೇಬೇಡಿ.

ಇನ್ನು ಜವಾಬ್ದಾರಿ. 1986ರ ಪರಿಸರ ಸಂರಕ್ಷಣಾ ಕಾಯ್ದೆ ಹಿಡಿಯುವುದು ಜಾಗ ಯಾರ ಹಿಡಿತದಲ್ಲಿದೆ, ಸರಕು ಯಾರ ಬಳಿ ಇದೆ ಅನ್ನುವುದನ್ನು. ಬಾಡಿಗೆಯವನು ಪರಾರಿಯಾದ ಮೇಲೆ ಅಧಿಕಾರಿಗಳ ಕಣ್ಣಿಗೆ ಕಾಣುವುದು ಪಹಣಿಯಲ್ಲಿ ಹೆಸರಿರುವವರೇ ಅಲ್ವಾ? 2024ರ ಏಪ್ರಿಲ್ 1ರಿಂದ ಈ ಕಾಯ್ದೆಯಲ್ಲಿ ಜೈಲಿನ ಬದಲು 10 ಸಾವಿರದಿಂದ 15 ಲಕ್ಷದವರೆಗೆ ದಂಡ. ಕಟ್ಟದಿದ್ದರೆ 3 ವರ್ಷದವರೆಗೆ ಜೈಲು. ಕ್ರಿಮಿನಲ್ ಕೇಸು ಬೇರೆಯೇ ಇದೆ. ಭಾರತೀಯ ನ್ಯಾಯ ಸಂಹಿತೆಯ 286ನೇ ಕಲಂ, ಅಂದರೆ ವಿಷ ವಸ್ತುವನ್ನು ಅಜಾಗರೂಕತೆಯಿಂದ ಇಟ್ಟುಕೊಂಡ ಅಪರಾಧ. 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂತರ್ಜಲಕ್ಕೆ ವಿಷ ಬಿಟ್ಟವನು 5,000 ಕಟ್ಟಿ ಹೋಗಬಹುದು ಅನ್ನುವುದು ನನ್ನ ಹೊಟ್ಟೆ ಉರಿಸುತ್ತದೆ. ಏನೂ ಮಾಡದ ರೈತನಿಗೆ ಮಾತ್ರ ಅದೇ ಕೇಸು ವರ್ಷಗಟ್ಟಲೆ ಅಲೆದಾಟ.

ಇದರ ಮೇಲೆ ಭೂಪರಿವರ್ತನೆ ಆಗದ ಕೃಷಿ ಜಮೀನಿನಲ್ಲಿ ಇಂಥ ವ್ಯಾಪಾರ ನಡೆದರೆ ಅದೂ ಇನ್ನೊಂದು ತಪ್ಪು. ತಹಶೀಲ್ದಾರ್ ಕಚೇರಿಯಿಂದಲೂ ನೋಟಿಸ್ ಬಂತು.

ಸ್ವಚ್ಛ ಮಾಡುವ ಖರ್ಚು ಯಾರದು? ಮಾಲಿನ್ಯ ಮಾಡಿದವರದೇ. ರಾಜಸ್ಥಾನದ ಬಿಚ್ರಿ ಗ್ರಾಮದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹಾಗೆ ಹೇಳಿದೆ. ಅಲ್ಲಿ ಎಚ್-ಆಸಿಡ್ (ಬಣ್ಣ ತಯಾರಿಸಲು ಬಳಸುವ ಕೆಮಿಕಲ್) ಕಾರ್ಖಾನೆಗಳ ಕೆಸರು ಇಳಿದು ಬಾವಿಗಳ ನೀರು ಬಳಸಲಾಗದಂತೆ ಆಗಿತ್ತು. ಆದರೆ ಮಾಡಿದವನು ಸಿಗಬೇಕಲ್ಲ. ಅದಕ್ಕೇ ಡ್ರಮ್ ಯಾವ ಕಾರ್ಖಾನೆಯಿಂದ ಬಂತು ಅನ್ನುವುದಕ್ಕೆ ಸಿಕ್ಕ ಚೂರು ಗುರುತನ್ನೂ ಕಾಪಾಡಿ. ಅರ್ಧ ಲೇಬಲ್, ಬ್ಯಾಚ್ ನಂಬರ್, ಗಾಡಿ ನಂಬರ್ ಎಲ್ಲದರ ಫೋಟೊ ತೆಗೆದಿಡಿ. ನಮ್ಮ ಕೇಸಿನಲ್ಲಿ ತನಿಖೆ ಕಾರ್ಖಾನೆ ಕಡೆ ತಿರುಗಿದ್ದು ಆ ತಲೆಬುರುಡೆ ಲೇಬಲ್ಲಿನ ಅಂಚಿನಲ್ಲಿದ್ದ ನಂಬರಿನಿಂದ.

ಹೊಲದಲ್ಲಿ ಇಂಥದ್ದು ಕಂಡರೆ ಡ್ರಮ್ ಮುಟ್ಟಬೇಡಿ, ಸುಡಬೇಡಿ, ಬೇರೆ ಕಡೆ ಸಾಗಿಸಬೇಡಿ. ಸಾಗಿಸಿದರೆ ಹೊಸ ಅಪರಾಧ ನಿಮ್ಮ ತಲೆಗೆ. ಅವತ್ತೇ ನೀವೇ ಮೊದಲು ಲಿಖಿತ ದೂರು ಕೊಡಿ. ಠಾಣೆಗೆ ಒಂದು, ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಒಂದು, ಡಿಸಿ ಕಚೇರಿಗೆ ಒಂದು. ಪ್ರತಿಯೊಂದಕ್ಕೂ ಸೀಲು ಹಾಕಿಸಿದ ಸ್ವೀಕೃತಿ ತಗೊಳ್ಳಿ. ನೀರಿನ ಸ್ಯಾಂಪಲ್ ಅಧಿಕಾರಿಗಳೇ ತೆಗೆದು, ಮೊಹರು ಮಾಡಬೇಕು. ಮನೆ ಬಾಟಲಿಯಲ್ಲಿ ತುಂಬಿಸಿಕೊಂಡು ಹೋದರೆ ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ನೀರು ಕೆಟ್ಟ ಅಕ್ಕಪಕ್ಕದವರು ಪರಿಹಾರಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬಹುದು. ದಕ್ಷಿಣದ ಪೀಠ ಚೆನ್ನೈಯಲ್ಲಿದೆ, ಪರಿಹಾರದ ಅರ್ಜಿಗೆ 5 ವರ್ಷದ ಗಡುವು.

ಫೇಲಾದ ಬೋರಿಗೆ ಇವತ್ತೇ ಗಟ್ಟಿ ಮುಚ್ಚಳ ಹಾಕಿಸಿ. ಮಕ್ಕಳ ಜೀವಕ್ಕೂ ಅದು ಬೇಕು.

ಇನ್ನೊಂದು ಮಾತು, ಹಿರಿಯೂರು ಸುತ್ತಮುತ್ತಲಿನವರಿಗೆ. ಸಂತೆಯಲ್ಲಿ, ಗಾಡಿಯಲ್ಲಿ ಕಡಿಮೆ ರೇಟಿಗೆ ಸಿಕ್ಕಿದ ಹಳೇ ನೀಲಿ ಡ್ರಮ್ ಮನೆಯಲ್ಲಿದ್ದರೆ, ಲೇಬಲ್ ಕೆರೆದ ಗುರುತು ಇದೆಯಾ ನೋಡಿ. ಇದ್ದರೆ ಕುಡಿಯುವ ನೀರಿಗೂ ಬೇಡ, ದನಕರುಗಳ ನೀರಿಗೂ ಬೇಡ. ಎಲ್ಲಿಂದ, ಯಾರಿಂದ ಕೊಂಡಿರಿ ಅಂತ ನೆನಪಿದ್ದರೆ ಮಂಡಳಿ ಕಚೇರಿಗೆ ಬರೆದು ತಿಳಿಸಿ. ಅವನನ್ನು ಹಿಡಿಯಲು ಅದೂ ಒಂದು ದಾರಿ.