ಲಗ್ನಪತ್ರಿಕೆ ಅಂಗಡಿಯಲ್ಲಿ ಕಲಾ ಪ್ರಣಾಳಿಕೆ: ಎರಡು ಬಣ್ಣ, ನೂರು ಪ್ರತಿ

ಪ್ರಣಾಳಿಕೆ ಅಚ್ಚು ಹಾಕಿಸಬೇಕು ಅಂದರೆ ಮೈಸೂರಿನ ಪ್ರೆಸ್ಸುಗಳಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: "ಯಾವ ಪಕ್ಷದ್ದು ಸಾರ್?" ಲಗ್ನಪತ್ರಿಕೆ ಅಚ್ಚು ಹಾಕುವ, ಶಿವರಾಂಪೇಟೆ ಕಡೆಯ ಈ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲೂ ಅದೇ ಆಯಿತು. ಕಲೆ ಹೇಗಿರಬೇಕು ಅಂತ ಸಾರಲು ಕಲಾವಿದರೂ ಪ್ರಣಾಳಿಕೆ ಹೊರಡಿಸುತ್ತಾರೆ ಅಂದಮೇಲೆ ಮಾಲೀಕರು ನಕ್ಕು ಅಳತೆ ಕೇಳಿದರು. ಚುನಾವಣೆ ಘೋಷಣೆಯಾದ ಮೇಲೆ ಹೋದರೆ ಈ ನಗು ಸಿಗುವುದು ಕಷ್ಟ. ಚುನಾವಣಾ ಕರಪತ್ರ, ಪೋಸ್ಟರುಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹೇಳುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆಮನೆ, ಇಲ್ಲವೇ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಲೆಯ ಪ್ರಣಾಳಿಕೆ ಈ ಕಲಮಿನೊಳಗೆ ಬರುವುದಿಲ್ಲ. ಆದರೂ ಹಾಳೆಯ ಅಡಿಯಲ್ಲಿ ಮುದ್ರಕರ ಹೆಸರಿನ ಸಾಲೊಂದನ್ನು ಮೊದಲೇ ಕೂರಿಸಿಕೊಂಡು ಹೋದರೆ ಅರ್ಧ ಗಂಟೆಯ ವಾದ ತಪ್ಪುತ್ತದೆ.

ಪರೀಕ್ಷೆಗೆ ಕೊಟ್ಟ ಕೆಲಸ ಇಷ್ಟು: ಒಂದೇ ಹಾಳೆ, ಒಂದೇ ಮಗ್ಗುಲು, ಕೆಂಪು ಮತ್ತು ಕಪ್ಪು, ನೂರು ಪ್ರತಿ. ಡಿಜಿಟಲ್ ಅಂಗಡಿಯಲ್ಲಿ ಹತ್ತು ನಿಮಿಷಕ್ಕೆ ಮುಗಿಯುವುದನ್ನು ಇಲ್ಲಿಗೇಕೆ ತರಬೇಕು ಅನ್ನುವವರಿಗೆ ಉತ್ತರ ಪ್ರಣಾಳಿಕೆಗಳ ಚರಿತ್ರೆಯಲ್ಲೇ ಇದೆ. ವೇಗ, ಯಂತ್ರಗಳನ್ನು ಕೊಂಡಾಡಿದ ಇಟಲಿಯ ಕವಿ ಮರಿನೆಟ್ಟಿಯ ಫ್ಯೂಚರಿಸ್ಟ್ ಪ್ರಣಾಳಿಕೆ 1909ರ ಫೆಬ್ರುವರಿ 20ರಂದು ಪ್ಯಾರಿಸ್ಸಿನ ಲೆ ಫಿಗಾರೊ ಪತ್ರಿಕೆಯ ಮುಖಪುಟದಲ್ಲಿ ಬಂತು. ಅದರ ಹನ್ನೊಂದು ಅಂಶಗಳಿಗಿಂತ ಹೆಚ್ಚು ಗದ್ದಲ ಮಾಡಿದ್ದು ಅದು ಕೂತಿದ್ದ ಜಾಗ. 1919ರಲ್ಲಿ ವಾಸ್ತುಶಿಲ್ಪಿ ಗ್ರೋಪಿಯಸ್ ಜರ್ಮನಿಯ ಬೌಹೌಸ್ ಕಲಾಶಾಲೆಗಾಗಿ ಹೊರಡಿಸಿದ್ದು ನಾಲ್ಕೇ ಪುಟದ ಕರಪತ್ರ. ಮುಖಪುಟಕ್ಕೆ ಕಲಾವಿದ ಫೈನಿಂಗರ್ ಮರದಲ್ಲಿ ಕೆತ್ತಿದ ಕೆಥೆಡ್ರಲ್ ಚಿತ್ರ. ಕೈಕಸುಬಿಗೆ ಮರಳಿ ಅಂತ ಒಳಗೆ ಬರೆದಿದ್ದನ್ನು ಹೊರಗಿನ ಹಾಳೆ ಆಗಲೇ ಮಾಡಿ ತೋರಿಸಿತ್ತು. ಲಂಡನ್ನಿನ ಡಿಸೈನರ್ ಕೆನ್ ಗಾರ್ಲಂಡ್ 1963ರ ನವೆಂಬರಿನಲ್ಲಿ ಸಭೆಯೊಂದರಲ್ಲಿ ಕೂತೇ ಬರೆದು, ಎದ್ದುನಿಂತು ಓದಿದ ಪ್ರಣಾಳಿಕೆ ಮರುವರ್ಷದ ಜನವರಿಯಲ್ಲಿ ಅಚ್ಚಾಯಿತು: 22 ಜನರ ಸಹಿ, ಬರೀ 400 ಪ್ರತಿ. ಡಿಸೈನರುಗಳ ಕೈಚಳಕವೆಲ್ಲ ಬೆಕ್ಕಿನ ತಿಂಡಿ, ಪಟ್ಟೆ ಟೂತ್‌ಪೇಸ್ಟುಗಳ ಜಾಹೀರಾತಿಗೆ ಹೋಗುತ್ತಿದೆ ಅನ್ನುವ ಅದರ ದೂರು ಇವತ್ತಿಗೂ ಕಾಲೇಜುಗಳಲ್ಲಿ ಪಾಠವಾಗುತ್ತದೆ. ನಾನ್ನೂರು ಪ್ರತಿ ಅಂದರೆ ನಮ್ಮೂರಿನ ಒಂದು ಸಣ್ಣ ಮದುವೆಯ ಕಾರ್ಡಿನ ಲೆಕ್ಕ. ಹಾಗಾಗಿ ಲಗ್ನಪತ್ರಿಕೆ ಅಂಗಡಿ ಈ ಕೆಲಸಕ್ಕೆ ಸರಿಯಾದ ಜಾಗವೇ.

ಅಳತೆಯಲ್ಲಿ ಎಡವುವವರು ಬಹಳ. ಎ2 ಅಂತ ಕೇಳಬೇಡಿ. ಅಂಗಡಿಯಲ್ಲಿದ್ದ ಹಾಳೆ 23×36 ಇಂಚಿನದು, ಅಂದರೆ 584×914 ಮಿ.ಮೀ. ಎ2 ಹಾಳೆ 420×594. ಹತ್ತೇ ಹತ್ತು ಮಿಲಿಮೀಟರ್ ಹೆಚ್ಚಾಗಿ ಒಂದು ಹಾಳೆಯಲ್ಲಿ ಎರಡು ಕೂರುವುದಿಲ್ಲ; ಅರ್ಧದಷ್ಟು ಕಾಗದ ಕತ್ತರಿಸಿ ಎಸೆಯುವುದಕ್ಕೂ ನೀವೇ ದುಡ್ಡು ಕೊಟ್ಟಂತೆ. ಒಂದೋ 25×36 ಹಾಳೆ ತರಿಸಿ, ಇಲ್ಲವೇ 18×23 ಇಂಚಿಗೆ ವಿನ್ಯಾಸ ಮಾಡಿ. ಇದು ಹಾಳೆಯ ಸರಿಯರ್ಧ, ತ್ಯಾಜ್ಯವೇ ಇಲ್ಲ. 1925ರಲ್ಲಿ ಜರ್ಮನಿಯ ಮುದ್ರಣ ವಿನ್ಯಾಸಕ ಚಿಕೋಲ್ಡ್ ತನ್ನ ಹೊಸ ಟೈಪೋಗ್ರಫಿಯ ಸೂತ್ರಗಳಲ್ಲಿ ಡಿನ್ ಕಾಗದದ ಅಳತೆಗಳನ್ನೂ (ಎ2 ಇರುವ ಜರ್ಮನ್ ಮಾನಕ) ಸೇರಿಸಿದ್ದು ಜರ್ಮನಿಯ ಕಾಗದಕ್ಕೆ ಸರಿ. ಅವನ ಮಾತಿನ ಸಾರ ಹಿಡಿದವರು ಇಲ್ಲಿ ಇಂಚಿನಲ್ಲೇ ಯೋಚಿಸಬೇಕು.

ಇನ್ನು ಅಕ್ಷರದ ವಿಷಯ. ಈ ಅಂಗಡಿಯ ಗುಣ ದೋಷ ಎರಡೂ ಬಯಲಾಗುವುದು ಇಲ್ಲೇ. ಡಿಟಿಪಿ ಮಾಡುವವರು ಕೋರೆಲ್‌ಡ್ರಾದಲ್ಲಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರ ಬಳಸುತ್ತಾರೆ. ಯೂನಿಕೋಡ್ ಪಠ್ಯವನ್ನು ಹಾಗೇ ಕೊಟ್ಟರೆ ಅವರು ಅದನ್ನು ಪರಿವರ್ತಿಸಿಕೊಳ್ಳುತ್ತಾರೆ, ಆಗ ಅರ್ಕಾವತ್ತು ಅಡ್ಡಾದಿಡ್ಡಿ ಹೋಗುತ್ತದೆ. ಮೊದಲ ಪ್ರೂಫಿನಲ್ಲಿ "ಕಾರ್ಯ", "ಮಾರ್ಗ" ಎರಡೂ ಕೆಟ್ಟಿದ್ದವು. ಇದಕ್ಕೆ ಮದ್ದು ಸುಲಭ: ಪಠ್ಯವನ್ನು ನೀವೇ ಕೂರಿಸಿ, ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ (ಫಾಂಟು ಬೇಡದ ಗೆರೆಚಿತ್ರಕ್ಕೆ) ಬದಲಿಸಿ ಪಿಡಿಎಫ್ ಕೊಡಿ. ಇನ್‌ಡಿಸೈನ್ ಬಳಸುವವರು ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆಯನ್ನು ಹಾಕುವುದನ್ನು ಮರೆತರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತಿರುತ್ತವೆ; ಆ ತಪ್ಪನ್ನು ಅಂಗಡಿಯವರ ತಲೆಗೆ ಕಟ್ಟಬೇಡಿ. ಅಂದಹಾಗೆ ಪ್ರೂಫಿನ ನೆತ್ತಿಯ ಮೇಲೆ, ಕೇಳದೇ, ಒಂದು "ಶ್ರೀ" ಕೂತಿತ್ತು. ಕೈಯ ಅಭ್ಯಾಸ. ಹೇಳಿದರೆ ತೆಗೆಯುತ್ತಾರೆ.

ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರ ಇಲ್ಲ ಅನ್ನುವುದು ಪ್ರಣಾಳಿಕೆ ಬರೆಯುವವರಿಗೆ ಸಣ್ಣ ಸಂಗತಿ ಅಲ್ಲ. ಲಂಡನ್ನಿನ ಕಲಾವಿದರು ಹೊರಡಿಸಿದ 1914ರ ಬ್ಲಾಸ್ಟ್ ಪತ್ರಿಕೆ ಗುಲಾಬಿ ರಟ್ಟಿನ ಒಳಗೆ ಕಿರುಚಿದ್ದು ದಪ್ಪ ಕ್ಯಾಪಿಟಲ್ಲುಗಳಲ್ಲಿ. ನಾವು ಕಿರುಚಬೇಕಾದರೆ ಗಾತ್ರ, ತೂಕ, ಖಾಲಿ ಜಾಗ ಈ ಮೂರರಿಂದಲೇ. ಅನೆಕ್ ಕನ್ನಡದಂಥ ಫಾಂಟಿನಲ್ಲಿ ತೂಕವನ್ನೂ ಅಗಲವನ್ನೂ ಬೇಕಾದಷ್ಟು ಹೊಂದಿಸಬಹುದು, ಅದು ಇಲ್ಲಿ ಚೆನ್ನಾಗಿ ಒದಗಿತು. ಆದರೆ ಇಂಗ್ಲಿಷ್ ಪೋಸ್ಟರ್ ನೋಡಿ ಸಾಲುಗಳನ್ನು ಒಂದರ ಮೇಲೊಂದು ಒತ್ತಲು ಹೋದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಪಠ್ಯಕ್ಕೆ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಸಾಲಿನ ಅಂತರ ಬೇಕು. ಶೀರ್ಷಿಕೆ ಬಿಗಿಯಾಗಿಯೇ ಇರಬೇಕು ಅಂದರೆ ಪದವನ್ನೇ ಬದಲಿಸಿ: "ಶಾಸ್ತ್ರ" ಇರುವಲ್ಲಿ "ಪಾಠ" ಬಂದರೆ ಅರ್ಧ ಇಂಚು ಉಳಿಯುತ್ತದೆ, ವಾಕ್ಯವೂ ಬಹುಪಾಲು ಚುರುಕಾಗುತ್ತದೆ.

ಅಚ್ಚಿನ ಕೆಲಸದಲ್ಲಿ ದೊಡ್ಡ ಅಕ್ಷರಕ್ಕೆ ಪೂರ್ಣ ಅಂಕ. ಕೆಂಪು ದಟ್ಟವಾಗಿ, ಸಮವಾಗಿ ಕೂತಿದೆ. ಬೆರಳಾಡಿಸಿದರೆ ಶಾಯಿಯ ಪದರ ಗೊತ್ತಾಗುತ್ತದೆ. ಆಫ್‌ಸೆಟ್ಟಿನಲ್ಲಿ ಇದು ಸಿಗದು. ಸಣ್ಣ ಅಕ್ಷರದಲ್ಲಿ ಮಾತ್ರ ಸೋಲು. ದೊಡ್ಡ ಅಕ್ಷರಕ್ಕೂ ಪಠ್ಯಕ್ಕೂ ಒಂದೇ ನಂಬರಿನ ಮೆಶ್ (ಶಾಯಿ ಹಾಯುವ ಸ್ಕ್ರೀನಿನ ಜಾಲರಿ ಬಟ್ಟೆ) ಬಳಸಿದ್ದರು. ಸೆಂಟಿಮೀಟರಿಗೆ 77 ಎಳೆಯದು ದಪ್ಪ ಅಕ್ಷರಕ್ಕೆ ಸಾಕು. ಪಠ್ಯವಿರುವ ಕಪ್ಪಿಗೆ 120 ಎಳೆಯದೇ ಬೇಕು ಅಂತ ಮೊದಲೇ ಹೇಳಿ. ಮೆಶ್ ಒರಟಾದರೆ ಅಂಚು ಗರಗಸದಂತಾಗುತ್ತದೆ. ಮೆಶ್ ಮೇಲೆ ಬಳಿದ ಪದರದಲ್ಲಿ ಅಕ್ಷರ ಮೂಡಿಸಲು ಬಿಡುವ ಬೆಳಕು ಹೆಚ್ಚು ಹೊತ್ತು ಬಿದ್ದರೆ ಸಣ್ಣ ಗೆರೆಗಳು ಮುಚ್ಚಿಕೊಳ್ಳುತ್ತವೆ, ಕಡಿಮೆಯಾದರೆ ತೊಳೆಯುವಾಗ ಅಂಚಿನ ಪದರವೇ ಕಿತ್ತುಬರುತ್ತದೆ. ಇದರ ಮೇಲೆ ಪಿವಿಸಿ ಶಾಯಿ ಬೇಗ ಒಣಗುವಂಥದ್ದು. ನಲವತ್ತು ಐವತ್ತು ಹಾಳೆ ಎಳೆಯುವಷ್ಟರಲ್ಲಿ ಮೆಶ್‌ನ ಕಣ್ಣುಗಳಲ್ಲೇ ಒಣಗಿ ಕೂರುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಆಗ ಮೊದಲು ಮಾಯವಾಗುವುದು ಮಹಾಪ್ರಾಣದ ಪುಟ್ಟ ಗೀಟು. 12 ಪಾಯಿಂಟಿನಲ್ಲಿದ್ದ "ಧನದ ಗುಲಾಮಗಿರಿ ಸಾಕು" ಅನ್ನುವ ಸಾಲು ಕೊನೆಯ ಹಾಳೆಗಳಲ್ಲಿ "ದನದ ಗುಲಾಮಗಿರಿ ಸಾಕು" ಅಂತ ಬಂತು. ಗೋಶಾಲೆಯ ಪ್ರಣಾಳಿಕೆ ಆಗಿದ್ದರೆ ಅಡ್ಡಿಯಿರಲಿಲ್ಲ.

ತಡೆಯುವ ದಾರಿ ಉಂಟು. ಶಾಯಿಗೆ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಬೆರೆಸಲು ಹೇಳಿ, ಇಪ್ಪತ್ತೈದು ಹಾಳೆಗೊಮ್ಮೆ ಸ್ಕ್ರೀನ್ ಒರೆಸಿಸಿ, ಪಠ್ಯ 16 ಪಾಯಿಂಟಿಗಿಂತ ಇಳಿಯದಿರಲಿ. 16 ಪಾಯಿಂಟಿಗೆ ಏರಿಸಿದರೆ ಮಾತು ಹಿಡಿಸುವುದಿಲ್ಲ ಅನ್ನುವವರು ಮಾತನ್ನೇ ಕಡಿಮೆ ಮಾಡಬೇಕು. ಪ್ರಣಾಳಿಕೆಗೆ ಅದರಿಂದ ನಷ್ಟವೇನೂ ಇಲ್ಲ.

ಎರಡು ಬಣ್ಣದ ಹೊಂದಾಣಿಕೆ ಪರವಾಗಿಲ್ಲ ಅನ್ನಬಹುದು. ಮೊದಲು ಕೆಂಪು, ಆಮೇಲೆ ಕಪ್ಪು. ಎರಡೂ ಸೇರುವ ಕಡೆ ಕಪ್ಪು ಕೆಂಪಿನ ಮೇಲೆ ಅರ್ಧ ಮಿಲಿಮೀಟರ್ ಹತ್ತುವಂತೆ ಕಡತದಲ್ಲೇ ಮಾಡಿಕೊಳ್ಳಿ, ಇಲ್ಲದಿದ್ದರೆ ಬಿಳಿ ಗೆರೆ ಇಣುಕುತ್ತದೆ. ಬೆಲೆಯ ಲೆಕ್ಕ ನೇರ: ಬಣ್ಣಕ್ಕೊಂದು ಸ್ಕ್ರೀನ್ ಚಾರ್ಜು, ಎಳೆತಕ್ಕಿಷ್ಟು, ಕಾಗದ ಬೇರೆ. ಒಂದು ಪುಟಕ್ಕೆ ಮೂರು ನಾಲ್ಕು ಬಣ್ಣದ ಶಾಯಿ, ಬೇಕಾದರೆ ಇಪ್ಪತ್ತು ಬಗೆಯ ಅಕ್ಷರ ಅಂತ 1913ರಲ್ಲಿ ಸಾರಿದ ಮರಿನೆಟ್ಟಿಗೆ ಇಲ್ಲಿ ನಾಲ್ಕು ಸ್ಕ್ರೀನಿನ ಬಿಲ್ಲು ಕೈಗೆ ಬರುತ್ತಿತ್ತು. ಅಕ್ಷರದ ಬಗೆಗೆ ಮಾತ್ರ ಕಾಸಿಲ್ಲ, ಇಪ್ಪತ್ತಾದರೂ ಹಾಕಿಕೊಳ್ಳಲಿ. ಐನೂರು ಪ್ರತಿ ದಾಟುವುದಾದರೆ ಸ್ಕ್ರೀನ್ ಬಿಟ್ಟು ಆಫ್‌ಸೆಟ್ಟಿಗೆ ಹೋಗುವುದೇ ಲಾಭ.

ಮೈಸೂರಿನ ಕಲಾಶಾಲೆ ಕಾವಾದಲ್ಲಿ ಅನ್ವಯಿಕ ಕಲೆ ಓದುವವರು ಪ್ರದರ್ಶನಕ್ಕೆ ಎರಡು ದಿನ ಇದ್ದಾಗ ಇಲ್ಲಿಗೆ ಓಡಿಬರುವುದು ಬೇಡ. ಮಾಘದಿಂದ ವೈಶಾಖದವರೆಗೆ ಮದುವೆ ಕಾರ್ಡುಗಳದ್ದೇ ಕಾರುಬಾರು, ನಿಮ್ಮ ಹಾಳೆ ಮೂಲೆಯಲ್ಲೇ ಇರುತ್ತದೆ. ಆಷಾಢದಲ್ಲಿ ಹೋಗಿ. ಮದುವೆಗಳಿಲ್ಲ, ಮೇಜು ಖಾಲಿ, ಮಾಲೀಕರೇ ಎದುರು ನಿಂತು ಒಂದೊಂದು ಹಾಳೆ ಎತ್ತಿ ತೋರಿಸುವಷ್ಟು ಪುರುಸೊತ್ತು ಇರುತ್ತದೆ. ಮಳೆಗಾಲವಾದ್ದರಿಂದ ಕಾಗದ ತೇವ ಹೀರಿ ಹಿಗ್ಗುತ್ತದೆ, ಎರಡನೇ ಬಣ್ಣ ಜಾಗ ತಪ್ಪುತ್ತದೆ. ಎರಡೂ ಬಣ್ಣ ಒಂದೇ ದಿನ ಮುಗಿಯಬೇಕು ಅಂತ ಹಟ ಹಿಡಿಯಿರಿ, ಕಪ್ಪು ಒಣಗಲು ಮಾತ್ರ ಒಂದು ರಾತ್ರಿ ಹೆಚ್ಚು ಕೊಡಿ. ಹಾಳೆಗಳನ್ನು ಸುತ್ತಿ ಕೊಡಲು ಬಂದರೆ ಒಪ್ಪಬೇಡಿ. ಎರಡು ರಟ್ಟಿನ ನಡುವೆ ಚಪ್ಪಟೆಯಾಗಿಯೇ ಒಯ್ಯಿರಿ, ಸುತ್ತಿದರೆ ಹಸಿ ಶಾಯಿ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ.