ಡಿ3500 ಮತ್ತು 200ಡಿ: ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

2019ರಲ್ಲಿ ನಾನು ನಿಕಾನ್ ಡಿ3500 ಕ್ಯಾಮೆರಾ ತೆಗೆದುಕೊಂಡೆ. ಅಕ್ಕ ಅದಕ್ಕೂ ಸ್ವಲ್ಪ ಮುಂಚೆ ಕ್ಯಾನನ್ 200ಡಿ ಕೊಂಡಿದ್ದಳು. ಅಂದಿನಿಂದ ಇಬ್ಬರೂ ಎರಡನ್ನೂ ಬಳಸುತ್ತಿದ್ದೇವೆ. "ಇವೆರಡರಲ್ಲಿ ಯಾವುದು ತಗೊಳ್ಳಲಿ?" ಎಂದು ಈಗಲೂ ಕೇಳುತ್ತಾರೆ, ಸೆಕೆಂಡ್ ಹ್ಯಾಂಡ್ ಹುಡುಕುವವರೇ ಜಾಸ್ತಿ.

ಮೆಗಾಪಿಕ್ಸೆಲ್ ನೋಡಿ ತೀರ್ಮಾನ ಮಾಡಬೇಡಿ. ಎರಡರಲ್ಲೂ 24.2. ಸೆಕೆಂಡಿಗೆ ಎರಡೂ 5 ಫೋಟೊ ತೆಗೆಯುತ್ತವೆ. ಹಗಲಲ್ಲಿ ತೆಗೆದ ಫೋಟೊಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾವ ಕ್ಯಾಮೆರಾದ್ದು ಎಂದು ನನಗೇ ಗೊತ್ತಾಗುವುದಿಲ್ಲ. ನೀವು ಕ್ಯಾಮೆರಾದ ಕಿಂಡಿಗೆ (ವ್ಯೂಫೈಂಡರ್) ಕಣ್ಣಿಟ್ಟು ತೆಗೆಯುವವರಾ, ಹಿಂದಿನ ಪರದೆ ನೋಡಿ ತೆಗೆಯುವವರಾ? ಇದನ್ನು ಮೊದಲು ಕೇಳಿಕೊಳ್ಳಿ.

ನಾನು ಹೆಚ್ಚಾಗಿ ತೆಗೆಯುವುದು ಯಕ್ಷಗಾನ. ಬಯಲಾಟ ಅಂದರೆ ರಾತ್ರಿಯಿಡೀ ಕೆಲಸ. ಡಿ3500 ಕೈಯಲ್ಲಿದ್ದರೆ ಬೆಳಗಿನವರೆಗೂ ಚಾರ್ಜರ್ ನೆನಪಾಗುವುದಿಲ್ಲ. ಒಂದು ಚಾರ್ಜಿಗೆ 1,550 ಫೋಟೊ ಎಂದು ಕಂಪನಿ ಹೇಳುತ್ತದೆ, 200ಡಿಗೆ 650. ಬ್ಯಾಟರಿ, ಕಾರ್ಡ್ ಸೇರಿ ಡಿ3500ರ ತೂಕ 415 ಗ್ರಾಂ, ಲೆನ್ಸ್ ಬಿಟ್ಟು. ಕುತ್ತಿಗೆಗೆ ಹಾಕಿಕೊಂಡು ಗಂಟೆಗಟ್ಟಲೆ ನಿಲ್ಲುವವರಿಗೆ ಇದರ ಬೆಲೆ ಗೊತ್ತು. ವೇಷಧಾರಿ ಧೀಂಗಿಣ (ಸುತ್ತುತ್ತಾ ಹಾರುವ ಕುಣಿತ) ಹಾರುವಾಗ ಶಟರ್ ವೇಗ ಸೆಕೆಂಡಿನ 1/500 ಆದರೂ ಬೇಕು. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್‌ನಲ್ಲಿ ಅದಕ್ಕೆ ಬೇಕಾದಷ್ಟು ಬೆಳಕು ಸಿಗುವುದಿಲ್ಲ. ಹೆಚ್ಚು ಬೆಳಕು ಒಳಬಿಡುವ 35 ಎಂಎಂ ಎಫ್1.8 ಲೆನ್ಸ್ ಹಾಕಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸಿದರೆ ವೇಷದ ಮುಖದ ಬಣ್ಣ ಹಾಗೇ ಉಳಿಯುತ್ತದೆ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ಹಚ್ಚಿಕೊಳ್ಳುತ್ತಿರುವವರಿಗೆ ತೊಂದರೆ ಆಗದಂತೆ ಶಟರ್ ಸದ್ದು ಕಡಿಮೆ ಮಾಡುವ ಆಯ್ಕೆಯೂ ಇದೆ. ನಾನು ಅಲ್ಲಿ ಬೇರೆ ಮೋಡ್ ಬಳಸಿದ್ದೇ ಇಲ್ಲ.

ಅಕ್ಕನ ಲೋಕವೇ ಬೇರೆ. ಮಕ್ಕಳು, ಹೂವು, ಅಡುಗೆಮನೆ, ಚಿಕ್ಕ ಚಿಕ್ಕ ವಿಡಿಯೊ. 200ಡಿ ಪರದೆಯನ್ನು ಹೊರಗೆ ಎಳೆದು ಹೇಗೆ ಬೇಕಾದರೂ ತಿರುಗಿಸಬಹುದು. ಮುಟ್ಟಿದ ಕಡೆ ಫೋಕಸ್ ಆಗುತ್ತದೆ, ಓಡುವ ಮಗುವಿನ ಮುಖವನ್ನೂ ಬಿಡದೆ ಹಿಂಬಾಲಿಸುತ್ತದೆ. ಹೊರಗಿನ ಮೈಕ್ ಚುಚ್ಚಲು ಜಾಗವಿದೆ. ಡಿ3500ರಲ್ಲಿ ಪರದೆ ತಿರುಗುವುದಿಲ್ಲ, ಮುಟ್ಟಿದರೆ ಏನೂ ಆಗುವುದಿಲ್ಲ, ಮೈಕ್ ಜಾಗವೂ ಇಲ್ಲ. ಪರದೆ ನೋಡಿ ತೆಗೆಯುವಾಗ ಫೋಕಸ್ ನಿಧಾನ. ವಿಡಿಯೊ ಮಾಡುವ ಆಸೆ ಇದ್ದರೆ ಯೋಚಿಸುವುದೇ ಬೇಡ, 200ಡಿ ತಗೊಳ್ಳಿ.

ಲೆನ್ಸ್ ವಿಷಯ ನನಗೆ ಕಷ್ಟಪಟ್ಟು ಗೊತ್ತಾಯಿತು. ಕಡಿಮೆ ಬೆಲೆಗೆ ಸಿಕ್ಕಿತು ಎಂದು ಒಂದು ಅಂಗಡಿಯಲ್ಲಿ ಹಳೆಯ 50 ಎಂಎಂ ಎಫ್1.8ಡಿ ಕೊಂಡೆ. ಮನೆಗೆ ಬಂದು ಹಾಕಿದರೆ ಆಟೊ ಫೋಕಸ್ ಇಲ್ಲ! ಆ ಲೆನ್ಸ್‌ಗೆ ಕ್ಯಾಮೆರಾದೊಳಗೆ ಮೋಟರ್ ಇರಬೇಕು. ಡಿ3500ರಂಥ ಚಿಕ್ಕ ಕ್ಯಾಮೆರಾಗಳಲ್ಲಿ ಅದು ಇರುವುದಿಲ್ಲ. ಅಂಗಡಿಯವರು ಒಂದು ಮಾತು ಹೇಳಬಹುದಿತ್ತು. ಲೆನ್ಸ್ ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಇದೆಯಾ ನೋಡಿಕೊಳ್ಳಿ, ಅವುಗಳಲ್ಲಿ ಮೋಟರ್ ಲೆನ್ಸ್‌ನೊಳಗೇ ಇರುತ್ತದೆ. ಕ್ಯಾನನ್‌ನಲ್ಲಿ ಈ ಗೊಂದಲವಿಲ್ಲ, ಇಎಫ್ ಲೆನ್ಸ್‌ಗಳ ಮೋಟರ್ ಲೆನ್ಸ್‌ನಲ್ಲೇ ಇರುತ್ತದೆ. ಅಕ್ಕನ 50 ಎಂಎಂ ಎಸ್‌ಟಿಎಂ ಹಾಕಿದ ಕೂಡಲೇ ಕೆಲಸ ಮಾಡಿತು.

ಪಕ್ಷಿ ಫೋಟೊಗೆ ನನ್ನ ಬಳಿ ದೂರದ್ದನ್ನು ಹತ್ತಿರ ತೋರಿಸುವ 70-300 ಎಂಎಂ ಲೆನ್ಸ್ ಇದೆ. ರಂಗನತಿಟ್ಟಿನಲ್ಲಿ ದೋಣಿ ಹತ್ತಿರಕ್ಕೇ ಹೋಗುವುದರಿಂದ ಬಣ್ಣದ ಕೊಕ್ಕರೆಗೆ ಅಷ್ಟು ಸಾಕು. ಕಾಡಿನಲ್ಲಿ ದೂರದ ಚಿಕ್ಕ ಹಕ್ಕಿಗೆ ಸಾಲದು.

ಕರಾವಳಿ, ಮಲೆನಾಡಿನವರು ಕ್ಯಾಮೆರಾ ಜೊತೆಗೇ ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಕೊಂಡುಬಿಡಿ. ಒಂದು ಮಳೆಗಾಲ ನಾನು ಬ್ಯಾಗಿನಲ್ಲೇ ಮುಚ್ಚಿಟ್ಟಿದ್ದೆ, ಕಿಟ್ ಲೆನ್ಸ್ ಒಳಗೆ ಬೂಷ್ಟು ಬಂತು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲವೂ ಡಬ್ಬಿಯಲ್ಲಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಹಾಕುತ್ತೇನೆ.

ನಿಕಾನ್ ಈಗ ಡಿ3500 ತಯಾರಿಸುತ್ತಿಲ್ಲ. ಬಳಸಿದ್ದನ್ನು ಕೊಳ್ಳುವುದಾದರೆ ಅದರಲ್ಲೇ ತೆಗೆದ ಒಂದು ಫೋಟೊ ಫೈಲ್ ಕೇಳಿ ಪಡೆಯಿರಿ. ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ ಅದರೊಳಗೇ ಇರುತ್ತದೆ. ಆಮೇಲೆ ಲೆನ್ಸ್‌ಗೆ ಓರೆಯಾಗಿ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.